ಕಣ್ಣೀರಕ್ಕನ ಸ್ಕ್ರಿಪ್ಟು

ಅಳುವುದರಲ್ಲಿ ಅವಳದು ಎತ್ತಿದ ಕೈ. ಕಣ್ಣಿಗೆ ಹಚ್ಚುವ ಗ್ಲಿಸರಿನ್ ಬೇಡ, ಸತ್ತವರನ್ನು ನೆನೆಸಿಕೊಳ್ಳುವ ಕಷ್ಟವೂ ಬೇಡ. ಕ್ಯಾಮೆರಾದವನು ‘ಹೂಂ’ ಅಂದ ಮೇಲೆ ಹತ್ತು ಎಣಿಸುವಷ್ಟರಲ್ಲಿ ಮೊದಲು ಎಡಗಣ್ಣು ತುಂಬುತ್ತಿತ್ತು, ಆಮೇಲೆ ಬಲಗಣ್ಣು. ಹನಿ ಕೆನ್ನೆಗಿಳಿದರೆ ಒರೆಸಿಕೊಳ್ಳುತ್ತಿರಲಿಲ್ಲ. ಒರೆಸಿದರೆ ಕೈ ಮುಖಕ್ಕೆ ಅಡ್ಡ ಬರುತ್ತದೆ, ಅಡ್ಡ ಬಂದರೆ ಅದೇ ಅಳುವನ್ನು ಇನ್ನೊಂದು ಸಲ ಅಳಬೇಕಾಗುತ್ತದೆ ಎಂಬುದನ್ನು ಮೊದಲ ವರ್ಷವೇ ಕಲಿತುಬಿಟ್ಟಿದ್ದಳು. ಸ್ಟುಡಿಯೋದವರು ಅವಳಿಗೆ ಕಣ್ಣೀರಕ್ಕ ಎಂದು ಹೆಸರಿಟ್ಟರು. ಅದರಲ್ಲಿ ಮೆಚ್ಚುಗೆ ಎಷ್ಟು, ಗೇಲಿ ಎಷ್ಟು ಎಂದು ಅವಳು ಅಳೆದು ನೋಡಲು ಹೋಗಲಿಲ್ಲ. ಕರೆದಾಗ ಓಗೊಟ್ಟರಾಯಿತು, ಅಷ್ಟೇ.

ಹಾಗೆಂದು ಅವಳು ನಟಿಯೇನಲ್ಲ. ಅವಳದು ಇಸ್ತ್ರಿ ಕೆಲಸ. ಸ್ಟುಡಿಯೋದ ಹಿಂಬದಿಯಲ್ಲಿ, ಜನರೇಟರಿಗೂ ಶೌಚಾಲಯಕ್ಕೂ ನಡುವೆ ಒಂದು ಉದ್ದನೆಯ ಕೋಣೆ. ಕಿಟಕಿ ಒಂದೇ, ಅದೂ ಗೋಡೆಯ ಕಡೆಗೆ ತೆರೆಯುವಂಥದ್ದು. ಅಲ್ಲಿ ಮೂರು ಸಾಲು ಕಬ್ಬಿಣದ ಸರಳುಗಳ ಮೇಲೆ ಬಟ್ಟೆಗಳು ತೂಗಾಡುತ್ತಿದ್ದವು: ಬಡವಿಯ ಬಟ್ಟೆ, ಶ್ರೀಮಂತ ಅತ್ತೆಯ ಬಟ್ಟೆ, ಕುಡುಕನ ಅಂಗಿ, ವಕೀಲನ ಕೋಟು. ಕುಡುಕನ ಅಂಗಿಯನ್ನು ಮೊದಲು ಗರಿಗರಿಯಾಗಿ ಇಸ್ತ್ರಿ ಮಾಡಿ ಆಮೇಲೆ ಮುದುಡಬೇಕು, ಇಲ್ಲದಿದ್ದರೆ ಸುಕ್ಕು ಲೈಟಿಗೆ ಚೆನ್ನಾಗಿ ಕಾಣುವುದಿಲ್ಲ. ಇಂಥ ಹುಚ್ಚಾಟಗಳನ್ನೆಲ್ಲ ಅವಳು ನಗದೆ ಮಾಡುತ್ತಿದ್ದಳು. ಗಂಡ ಬದುಕಿದ್ದಾಗ ಹೊಡೆಯುತ್ತಿದ್ದ, ಸತ್ತ ಮೇಲೆ ಹೊಡೆಯುವುದನ್ನು ನಿಲ್ಲಿಸಿದ. ಒಬ್ಬಳೇ ಮಗಳು, ಶಾಲೆಗೆ ಹೋಗುತ್ತಿದ್ದಳು. ಇಸ್ತ್ರಿಪೆಟ್ಟಿಗೆಯಿಂದ ಇಬ್ಬರ ಹೊಟ್ಟೆ ತುಂಬುತ್ತಿತ್ತು.

ಆ ಸ್ಟುಡಿಯೋದಲ್ಲಿ ‘ತೀರ್ಪು ನಮ್ಮದು’ ಎಂಬ ಕಾರ್ಯಕ್ರಮ ನಡೆಯುತ್ತಿತ್ತು. ಜಗಳ ಬಿದ್ದ ಸಂಸಾರಗಳು ಬಂದು ಎದುರುಬದುರು ಕೂರುವುದು, ಕಿರುಚಾಡುವುದು, ನಡುವೆ ಎತ್ತರದ ಕುರ್ಚಿಯಲ್ಲಿ ಕೂತ ಮಾಜಿ ನಟಿಯೊಬ್ಬಳು ಇಬ್ಬರನ್ನೂ ಗದರಿಸಿ ಕೊನೆಗೆ ತೀರ್ಪು ಹೇಳುವುದು. ಅವಳನ್ನು ಎಲ್ಲರೂ ತೀರ್ಪಿನಮ್ಮ ಎನ್ನುತ್ತಿದ್ದರು. ಮೊದಮೊದಲು ನಿಜವಾದ ಸಂಸಾರಗಳೇ ಬರುತ್ತಿದ್ದವಂತೆ. ಆದರೆ ನಿಜವಾದ ಜನ ಕೆಲಸಕ್ಕೆ ಬಾರದವರು. ಅಳಬೇಕಾದಲ್ಲಿ ತುಟಿ ಪಿಟಕ್ಕೆನ್ನದೆ ಕೂರುತ್ತಾರೆ, ಜಾಹೀರಾತು ಬರುವ ಹೊತ್ತಿಗೆ ಸರಿಯಾಗಿ ಅಳು ಶುರು ಮಾಡುತ್ತಾರೆ, ಇಷ್ಟೆಲ್ಲ ಆದ ಮೇಲೆ ‘ಹೋಗ್ಲಿ ಬಿಡಿ, ಮನೆಗೆ ಹೋಗ್ತೀವಿ’ ಎಂದು ಎದ್ದುಬಿಡುತ್ತಾರೆ. ಅದಕ್ಕೇ ಕಾರ್ಯಕ್ರಮದವರು ಜಗಳಗಳನ್ನು ಬರೆಸತೊಡಗಿದರು. ಬರೆಯುವವನು ಸಣಕಲು ಮನುಷ್ಯ, ಕಿವಿಯ ಮೇಲೆ ಸದಾ ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದ. ಅವನ ಹೆಸರೂ ಪೆನ್ನಪ್ಪ ಎಂದೇ ಆಗಿಹೋಗಿತ್ತು.

ಒಂದು ದಿನ, ಮಗ ಮನೆಯಿಂದ ಹೊರಹಾಕಿದ ತಾಯಿಯಾಗಬೇಕಿದ್ದ ಹೆಂಗಸು ಬರಲಿಲ್ಲ. ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಿದ್ದರು. ಆ ತಾಯಿಯ ಬಟ್ಟೆಯನ್ನು ಇಸ್ತ್ರಿ ಮಾಡಿ ತೋಳ ಮೇಲೆ ಹಾಕಿಕೊಂಡು ಇವಳು ಒಳಗೆ ಬಂದಳು. ಪೆನ್ನಪ್ಪ ಬಟ್ಟೆಯನ್ನೂ ನೋಡಿದ, ಹೊತ್ತವಳನ್ನೂ ನೋಡಿದ. “ಅಕ್ಕ, ಅದನ್ನ ನೀವೇ ಹಾಕ್ಕೊಂಡು ಬನ್ನಿ” ಅಂದ. ಅವಳಿಗೆ ಓದು ಅಷ್ಟಕ್ಕಷ್ಟೆ. ಅವನು ಎರಡು ಸಲ ಓದಿ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು, ಜೊತೆಗೆ ಅತ್ತಳು. ಸೆಟ್ಟಿನ ಮೇಲಿದ್ದ ಲೈಟು ಹಿಡಿಯುವವನು ಕೂಡ ಮೂಗೊರೆಸಿಕೊಂಡ. ಅಂದಿನಿಂದ ಅವಳಿಗೆ ಎರಡು ಕೆಲಸ. ಬೆಳಿಗ್ಗೆ ಇಸ್ತ್ರಿ, ಮಧ್ಯಾಹ್ನ ಗೋಳು.

ಹನ್ನೊಂದು ವರ್ಷದಲ್ಲಿ ಅವಳು ಯಾರ್ಯಾರಾಗಲಿಲ್ಲ. ಮೋಸ ಹೋದ ಹೆಂಡತಿ, ಆಸ್ತಿ ಕಳೆದುಕೊಂಡ ತಂಗಿ, ಬೀದಿಗೆ ಬಿದ್ದ ತಾಯಿ. ಒಂದು ಸಲ ಸೊಸೆಗೆ ಕಾಟ ಕೊಡುವ ಅತ್ತೆಯೂ ಆದಳು. ಅದು ಅಷ್ಟು ಚೆನ್ನಾಗಿ ಬರಲಿಲ್ಲ, ಅತ್ತೆ ಕೂಡ ನಡುವೆ ಅತ್ತುಬಿಟ್ಟಳು. ಕನ್ನಡಕ ಬದಲಾಗುತ್ತಿತ್ತು, ಬೈತಲೆ ಬದಲಾಗುತ್ತಿತ್ತು. ನೋಡುವ ಜನ ಪತ್ತೆ ಹಚ್ಚಲಿಲ್ಲವೆಂದಲ್ಲ, ಹಚ್ಚಿಯೂ ನೋಡುತ್ತಿದ್ದರು.

ಅವರು ಪತ್ತೆ ಹಚ್ಚಿದ್ದು ಅವಳಿಗೇ ತಡವಾಗಿ ತಿಳಿಯಿತು. ಕಾರ್ಯಕ್ರಮದ ತುಣುಕುಗಳು ಮೊಬೈಲಿನಲ್ಲಿ ಓಡಾಡಲು ಶುರುವಾದಾಗ, ಅವುಗಳ ಕೆಳಗೆ ಜನ ಏನೇನೋ ಬರೆಯುತ್ತಿದ್ದರು. ಅವಳು ಕೂಡಿಸಿ ಕೂಡಿಸಿ ಓದಿದಳು. ಒಂದೇ ಪದ ಮತ್ತೆ ಮತ್ತೆ ಬರುತ್ತಿತ್ತು: ಸ್ಕ್ರಿಪ್ಟೆಡ್. ನೂರು ಜನ ಬರೆದಿದ್ದರೆ ಅರವತ್ತು ಜನ ಅದನ್ನೇ ಬರೆದಿದ್ದರು. ಸೂಪರ್, ಬೊಂಬಾಟ್ ಎಂಬಂತೆ ಇದೂ ಒಂದು ಹೊಗಳಿಕೆಯೇ ಇರಬೇಕೆಂದುಕೊಂಡಳು. ಇಸ್ತ್ರಿ ಕೋಣೆಯ ಪಕ್ಕದಲ್ಲಿ ಕೂದಲು ಬಾಚುವ ಹೆಂಗಸಿಗೆ ಹೇಳಿಯೂ ಬಂದಳು, “ಜನ ನನ್ನ ತುಂಬ ಸ್ಕ್ರಿಪ್ಟೆಡ್ ಅಂತಿದ್ದಾರೆ ಕಣೇ.” ಆ ಹೆಂಗಸಿಗೂ ಇಂಗ್ಲಿಷು ಅಷ್ಟೇ ಬರುತ್ತಿದ್ದುದು. “ಅಯ್ಯೋ, ನೀವು ಮೊದಲಿಂದಾನೂ ಸ್ಕ್ರಿಪ್ಟೆಡ್ಡೇ ಅಕ್ಕ” ಎಂದು ಒಪ್ಪಿಕೊಂಡಳು.

ಮನೆಗೆ ಬಂದು ಮಗಳ ಮುಂದೆ ಇದನ್ನೇ ಹೇಳಿದಾಗ, ಆಗ ಹದಿನಾಲ್ಕರ ಹುಡುಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಮ್ಮ, ಹಾಗಂದ್ರೆ ಮೊದಲೇ ಬರೆದಿಟ್ಟಿದ್ದು ಅಂತ.”

“ಹೌದಲ್ಲ ಮತ್ತೆ? ಪೆನ್ನಪ್ಪ ಬರೀತಾನೆ.”

“ಅದನ್ನೇ ಅವರು ಬಯ್ತಿರೋದು. ನಿಜ ಅಲ್ಲ, ಯಾರೋ ಬರೆದುಕೊಟ್ಟಿದ್ದನ್ನ ಇವಳು ಹೇಳ್ತಿದ್ದಾಳೆ ಅಂತ.”

“ಬರೆದುಕೊಟ್ಟಿದ್ದೆಲ್ಲ ಸುಳ್ಳಾ? ನಿನ್ನ ಪಾಠದ ಪುಸ್ತಕಾನೂ ಯಾರೋ ಬರೆದಿದ್ದೇ ಅಲ್ವಾ?”

“ಸುಳ್ಳು ಅಂತಲ್ಲ. ಆದ್ರೆ ನಂಬೋಕಾಗಲ್ಲ” ಅಂದಳು. ಆ ಪದದ ಅರ್ಥ ಅಷ್ಟೇ, ಇವತ್ತಿಗೂ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಅರ್ಥ ತಿಳಿದ ಮೇಲೆ ಆ ಪದ ಎಲ್ಲೆಲ್ಲೂ ಕಿವಿಗೆ ಬೀಳತೊಡಗಿತು. ಬೀದಿಯ ತುಂಬ ಅದೇ. ಆಟದಲ್ಲಿ ತನ್ನ ತಂಡ ಸೋತರೆ ದಿನಸಿ ಅಂಗಡಿಯವನಿಗೆ ಪಂದ್ಯ ಸ್ಕ್ರಿಪ್ಟೆಡ್ಡು. ಮಂತ್ರಿ ಮೈಕಿನ ಮುಂದೆ ಗದ್ಗದಿತನಾದರೆ ಸ್ಕ್ರಿಪ್ಟೆಡ್ಡು. ಕೆಳಗಿನ ಮನೆಯಾಕೆ ಗಂಡನ ಸೋಮವಾರದ ಜ್ವರಕ್ಕೂ ಅದನ್ನೇ ಅನ್ನುತ್ತಿದ್ದಳು. ಮೊದಲು ಜನ ‘ನಾಟಕ’ ಎನ್ನುತ್ತಿದ್ದರು. ಆ ಮಾತಿನಲ್ಲಿ ಸಿಟ್ಟಾದರೂ ಇತ್ತು. ಈ ಹೊಸ ಮಾತಿನಲ್ಲಿ ಸಿಟ್ಟೂ ಇಲ್ಲ, ಬರೀ ಒಂದು ಬಗೆಯ ಜಾಣತನ. ನನ್ನನ್ನು ಯಾರೂ ಬೇಸ್ತು ಬೀಳಿಸಲಾರರು ಎಂಬ ಸಂತೋಷಕ್ಕೆ ಜನ ಎದುರಿನವರ ಕಣ್ಣೀರನ್ನು ಒಂದೇ ಪದದಲ್ಲಿ ಒರೆಸಿ ಹಾಕುತ್ತಿದ್ದರು. ಕಣ್ಣೀರಕ್ಕನಿಗೆ ಅದರಿಂದ ನೋವೇನೂ ಆಗಲಿಲ್ಲ. ತನ್ನ ಕೆಲಸ ಅದೇ ತಾನೇ.

ಮಗಳು ಬೆಳೆದಳು, ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಮದುವೆಯೂ ಆಯಿತು. ಅಳಿಯ ಕಾರು ಕಲಿಸುವ ಶಾಲೆಯ ಮೇಷ್ಟ್ರು. ಕಲಿಯುವವರು ಪಕ್ಕದಲ್ಲಿ ನಡುಗುತ್ತಿದ್ದರೆ ‘ಗಾಬರಿ ಬೇಡ, ನಿಧಾನ, ನಾನಿದ್ದೀನಿ’ ಎಂದು ಮೆತ್ತಗೆ ಹೇಳುತ್ತಾ, ತನ್ನ ಕಾಲಡಿ ಇರುವ ಇನ್ನೊಂದು ಬ್ರೇಕನ್ನು ಒತ್ತುವುದು ಅವನ ಉದ್ಯೋಗ. ದನಿ ಎತ್ತಿ ಮಾತಾಡಿದವನಲ್ಲ. ಬಾಯಿ ಬೆಲ್ಲ, ಕರುಳು ಕತ್ತರಿ ಎಂಬ ಗಾದೆ ಎಲ್ಲರಿಗೂ ಬಾಯಿಪಾಠ. ಆದರೂ ಬೆಲ್ಲ ಕಂಡಾಗ ಗಾದೆ ನೆನಪಾಗುವುದಿಲ್ಲ. ಅವಳೂ ಬಲು ಒಳ್ಳೆಯ ಅಳಿಯ ಸಿಕ್ಕಿದನೆಂದು ಬೀಗಿದಳು.

ಮದುವೆಯಾಗಿ ಎಂಟು ತಿಂಗಳಿಗೆ ಮಗಳು ಒಂದು ಮಧ್ಯಾಹ್ನ ಸ್ಟುಡಿಯೋಕ್ಕೆ ಬಂದಳು, ಹಿಂದೆಂದೂ ಬಂದವಳಲ್ಲ. ಇಸ್ತ್ರಿ ಮೇಜಿನ ಮೇಲೆ ಬಲಗೈ ಇಟ್ಟು, ಸುತ್ತಿದ್ದ ಬಟ್ಟೆ ಬಿಚ್ಚಿದಳು. ಎರಡು ಬೆರಳು ಊದಿ, ಉಗುರು ಕಪ್ಪಿಟ್ಟಿದ್ದವು. ಗಂಡನನ್ನು ಕೇಳದೆ ಅವನ ಮೇಜಿನ ಡ್ರಾಯರ್ ತೆಗೆದಿದ್ದಳಂತೆ. ಅವನು ಬೈಯಲಿಲ್ಲ, ಕೂಗಲಿಲ್ಲ. ಅವಳ ಕೈಯನ್ನು ಹಿಡಿದು ಒಳಗಿಟ್ಟು ಡ್ರಾಯರ್ ತಳ್ಳಿದ. ಆಮೇಲೆ ಹೊರಗೆಳೆದು ಇನ್ನೊಂದು ಸಲ ತಳ್ಳಿದ.

ಇಸ್ತ್ರಿಪೆಟ್ಟಿಗೆಯ ಕೆಳಗೆ ವಕೀಲನ ಕೋಟು ಸುಟ್ಟ ವಾಸನೆ ಬರುವವರೆಗೂ ತಾಯಿ ಹಾಗೇ ನಿಂತಿದ್ದಳು. ಆಮೇಲೆ ಮಗಳ ಬೆರಳಿಗೆ ಬಟ್ಟೆ ಸುತ್ತಿದಳು, ಊದಿದಳು, ತಲೆ ಸವರಿ ಹೇಳಿದಳು:

“ಹೊಂದ್ಕೊಂಡು ಹೋಗಮ್ಮ. ಇನ್ನೂ ಹೊಸದು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.”

ಮಗಳು ಎದ್ದು ಹೋದಳು.

ಅವಳು ಹೋದ ಮೇಲೆ ತಾಯಿಗೆ ಯಾರಿಗಾದರೂ ಹೇಳಲೇಬೇಕೆನಿಸಿತು. ಬಟ್ಟೆ ಸುಟ್ಟಿತಲ್ಲ ಎಂದು ವಿಚಾರಿಸಲು ಪೆನ್ನಪ್ಪ ಬಂದ. ಅವನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಅವನು ಒಳ್ಳೆಯವನೇ, ಕೇಳಿ ನಿಜವಾಗಿ ಮರುಗಿದ. ಎರಡು ವಾರ ಕಳೆದು ಹಾಳೆಗಳನ್ನು ಹಿಡಿದುಕೊಂಡು ಬಂದ. ಅದರಲ್ಲಿ ಅಳಿಯ ಮೆಕ್ಯಾನಿಕ್ಕಾಗಿದ್ದ, ಮೇಜು ಉಪಕರಣಗಳ ಪೆಟ್ಟಿಗೆಯಾಗಿತ್ತು, ಊರು ಬೇರೆಯಾಗಿತ್ತು. ಡ್ರಾಯರ್ ಮಾತ್ರ ಡ್ರಾಯರೇ.

“ಅಕ್ಕ, ಬೇಡ ಅಂದ್ರೆ ಹರಿದು ಹಾಕ್ತೀನಿ. ಇಲ್ಲಾಂದ್ರೆ ತಾಯಿ ಪಾರ್ಟು ಬೇರೆಯವರಿಗೆ ಕೊಡ್ತೀನಿ.”

ಹರಿದು ಹಾಕು ಎನ್ನಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ತನ್ನ ಮಗಳ ಸಂಕಟವನ್ನು ಬೇರೆ ಯಾರೋ ಹೆಂಗಸು ಹೇಳುವುದೇ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಅವಳಿಗೆ ಅದನ್ನು ಕೂಗಿ ಹೇಳುವ ಆಸೆ ಇತ್ತು. ಎಲ್ಲಾದರೂ ಸರಿ, ಯಾವ ಹೆಸರಿನಲ್ಲಾದರೂ ಸರಿ.

ಆ ಪಾರ್ಟು ಮಾಡಿದ ದಿನ ಅವಳು ಅತ್ತ ಹಾಗೆ ಮತ್ತೆಂದೂ ಅಳಲಿಲ್ಲ. “ನನ್ನ ಮಗಳ ಬೆರಳು ಡ್ರಾಯರಿಗಿಟ್ಟು ತಳ್ಳಿದನಮ್ಮ ಇವನು. ಒಂದು ಸಲ ಅಲ್ಲ, ಎರಡು ಸಲ. ಎರಡನೇ ಸಲ ಅವಳು ಕೂಗಲೂ ಇಲ್ಲ” ಎಂದು ಹೇಳಿ, ಬರೆದಿರದಿದ್ದರೂ ಎದ್ದು ಹೋಗಿ ಮೆಕ್ಯಾನಿಕ್ಕನ ಕೆನ್ನೆಗೆ ಬಾರಿಸಿದಳು. ಪಾಪ, ದಿನಗೂಲಿಗೆ ಬಂದಿದ್ದ ಆ ಮನುಷ್ಯ ಎರಡು ದಿನ ಕೆನ್ನೆಗೆ ಮುಲಾಮು ಹಚ್ಚಿಕೊಂಡ. ತೀರ್ಪಿನಮ್ಮ ಕುರ್ಚಿಯಿಂದ ಇಳಿದು ಬಂದು ಅವಳನ್ನು ತಬ್ಬಿಕೊಂಡಳು. ಮಗಳು ತಾಯಿಯ ಮನೆಗೆ ಹೋಗತಕ್ಕದ್ದು ಎಂದು ತೀರ್ಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕಂತನ್ನು ನೋಡಿದಷ್ಟು ಜನ ಬೇರೆ ಯಾವುದನ್ನೂ ನೋಡಲಿಲ್ಲ. ಎಂದಿನಂತೆ ಕೆಳಗೆ ಸ್ಕ್ರಿಪ್ಟೆಡ್ ಎಂದೂ ಬರೆದರು.

ಆ ಭಾನುವಾರ ಅಳಿಯ ಮಗಳನ್ನು ಕರೆದುಕೊಂಡು ಅತ್ತೆಯ ಮನೆಗೆ ಬಂದ. ಅವನ ಕೆನ್ನೆಗೆ ಅವಳು ಬಾರಿಸಲಿಲ್ಲ. ಇದ್ದ ಎರಡು ಕುರ್ಚಿಯಲ್ಲಿ ಕಾಲು ಅಲುಗಾಡದ ಕುರ್ಚಿಯನ್ನು ಅವನಿಗೆ ಕೊಟ್ಟಳು, ಸಕ್ಕರೆ ಸಾಕೇ ಎಂದು ಕೇಳಿ ಚಹಾ ಕೊಟ್ಟಳು. “ಟೀವಿಲಿ ನೋಡ್ದೆ ಅತ್ತೆ. ತುಂಬ ಚೆನ್ನಾಗಿ ಮಾಡ್ತೀರ” ಎಂದ ಅವನು. ಮಗಳು ಅಲುಗಾಡುವ ಕುರ್ಚಿಯಲ್ಲಿ ಕೂತು ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದಳು. ಏನು ಹೆಂಗಸು ಈ ಕಣ್ಣೀರಕ್ಕ. ಸಾವಿರಾರು ಜನರ ಮುಂದೆ ಹುಲಿ, ಇಬ್ಬರ ಮುಂದೆ ಬೆಕ್ಕು.

ಅಲ್ಲಿಂದ ಮೂರು ವರ್ಷ ಮಗಳು ಬಾಯಿ ಬಿಡಲಿಲ್ಲ. ಬಂದಾಗ ‘ಚೆನ್ನಾಗಿದ್ದೀಯಾ’ ಎಂದರೆ ‘ಹೂಂ’ ಎನ್ನುತ್ತಿದ್ದಳು. ಅವಳು ಆ ‘ಹೂಂ’ ಅನ್ನು ನಂಬಿದಳು, ನಂಬುವುದು ಸುಲಭವಾಗಿತ್ತು.

ಈ ಸಲ ಮುರಿದದ್ದು ಮಣಿಕಟ್ಟು. ಸುದ್ದಿ ತಂದವಳೂ ಮಗಳಲ್ಲ, ಔಷಧದ ಅಂಗಡಿಯ ಯಜಮಾನಿ. ಹುಡುಗಿ ಮುರಿದ ಕೈ ಹಿಡಿದುಕೊಂಡು ನೆಟ್ಟಗೆ ಅಂಗಡಿಗೆ ಬಂದಿದ್ದಳಂತೆ. ಯಜಮಾನಿಯೇ ಆಸ್ಪತ್ರೆಗೆ ಕರೆದೊಯ್ದು, ಪ್ಲಾಸ್ಟರ್ ಹಾಕಿಸಿ, ಮರುದಿನ ಬೆಳಿಗ್ಗೆ ಕುಟುಂಬ ದೂರುಗಳನ್ನು ವಿಚಾರಿಸುವ ಕಚೇರಿಗೆ ಕರೆದುಕೊಂಡು ಹೋಗಿದ್ದಳು. “ನಿಮಗೆ ತಿಳಿಸೋದು ಬೇಡ ಅಂದ್ಲು ನಿಮ್ಮ ಮಗಳು. ನನಗೇ ಮನಸ್ಸು ತಡೀಲಿಲ್ಲ” ಎಂದು ಫೋನಿನಲ್ಲಿ ಹೇಳಿದಳು. ತಾಯಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಹಾಕಿದ್ದ ಬಟ್ಟೆಯಲ್ಲೇ ಓಡಿದಳು.

ಕಚೇರಿ ಮೂರನೇ ಮಹಡಿಯಲ್ಲಿ. ಹಸಿರು ಬಣ್ಣ ಅರ್ಧದವರೆಗೆ ಬಳಿದ ಗೋಡೆ, ಕಡತಗಳ ಕಪಾಟು, ಐದು ಪ್ಲಾಸ್ಟಿಕ್ ಕುರ್ಚಿ. ಮೇಜಿನ ಆಚೆ ಕೂತ ಅಧಿಕಾರಿ ಮೇಡಂ ದಪ್ಪ ಗಾಜಿನ ಕನ್ನಡಕದವಳು, ದಿನಕ್ಕೆ ಇಂಥ ಹತ್ತು ಸಂಸಾರ ನೋಡಿ ದಣಿದವಳು. ಅವಳು ಬರೆಯುವ ಒಂದು ಪುಟದ ಮೇಲೆ ಎಲ್ಲ ನಿಂತಿತ್ತು. ಹಿಂಸೆ ನಡೆದಿದೆ ಎಂದು ಬರೆದರೆ ಹುಡುಗಿಗೆ ರಕ್ಷಣೆ, ಗಂಡನ ಮೇಲೆ ಮೊಕದ್ದಮೆ. ಸಾಮಾನ್ಯ ಮನಸ್ತಾಪ ಎಂದು ಬರೆದರೆ ಬುದ್ಧಿ ಹೇಳಿ, ಇಬ್ಬರ ಸಹಿ ಹಾಕಿಸಿ, ಅದೇ ಮನೆಗೆ ವಾಪಸು.

ಕಚೇರಿಯವರು ಕರೆಸಿದ್ದ ಅಳಿಯ ಮೊದಲೇ ಬಂದು ಕೂತಿದ್ದ, ಒಗೆದ ಅಂಗಿ, ಬಾಚಿದ ತಲೆ. ಮಗಳು ಯಜಮಾನಿಯ ಪಕ್ಕ ಕೂತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಅಂಥ ಕಚೇರಿಗಳಲ್ಲಿ ಬೇಕು. ಬಚ್ಚಲಲ್ಲಿ ಜಾರಿ ಬಿದ್ದಳೆಂದು ಅವನು ಆಗಲೇ ಹೇಳಿಯಾಗಿತ್ತು. ಮಗಳು ಬಾಗಿಲಿಗೆ ಸಿಕ್ಕಿಸಿ ಮುರಿದನೆಂದು ಒಂದೇ ವಾಕ್ಯದಲ್ಲಿ ಹೇಳಿದ್ದಳು.

“ನೀವು ತಾಯಿನಾ? ನಿಮಗೇನು ಗೊತ್ತಿದೆ ಹೇಳಿ” ಎಂದಳು ಮೇಡಂ.

ಅವಳು ಹೇಳತೊಡಗಿದಳು. ಇವತ್ತಿನದನ್ನಲ್ಲ, ಮೊದಲಿನಿಂದ, ಡ್ರಾಯರಿನಿಂದ. ಈ ಸಲ ನಿಜವಾಗಿ ಹೇಳುತ್ತಿದ್ದೇನೆ, ನಿಜವಾದ ಅಧಿಕಾರಿಯ ಮುಂದೆ, ನನ್ನ ಹೆಸರಿನಲ್ಲೇ ಎಂದುಕೊಂಡಳು. ಮೊದಲು ಎಡಗಣ್ಣು ತುಂಬಿತು, ಆಮೇಲೆ ಬಲಗಣ್ಣು. ಹನಿ ಇಳಿದರೂ ಕೈ ತಾನಾಗಿ ಮಡಿಲಲ್ಲೇ ಉಳಿಯಿತು. “ನನ್ನ ಮಗಳ ಬೆರಳು ಡ್ರಾಯರಿಗಿಟ್ಟು ತಳ್ಳಿದನಮ್ಮ ಇವನು. ಒಂದು ಸಲ ಅಲ್ಲ, ಎರಡು ಸಲ” ಎಂದು ಅವಳು ಒಂದು ಕ್ಷಣ ತಡೆದಳು. ಅಲ್ಲಿ ತಡೆಯಬೇಕೆಂದು ಪೆನ್ನಪ್ಪ ಹಾಳೆಯಲ್ಲಿ ಗೆರೆ ಎಳೆದಿದ್ದ. “ಎರಡನೇ ಸಲ ಅವಳು ಕೂಗಲೂ ಇಲ್ಲ.”

ಮೇಡಂ ಬರೆಯುವುದನ್ನು ನಿಲ್ಲಿಸಿದಳು. “ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲಮ್ಮ.”

“ಟೀವಿಲಿ ನೋಡಿರ್ತೀರ ಮೇಡಂ” ಎಂದ ಅಳಿಯ, ಅತ್ತೆಯ ಪರವಾಗಿ ಪರಿಚಯ ಹೇಳುವವನಂತೆ. ಮೊಬೈಲು ತೆಗೆದು, ಸಿದ್ಧ ಮಾಡಿಟ್ಟಿದ್ದ ತುಣುಕನ್ನು ಮೇಜಿನ ಮೇಲಿಟ್ಟ. ಬೇರೆ ಕನ್ನಡಕದ, ಬೇರೆ ಬೈತಲೆಯ ಕಣ್ಣೀರಕ್ಕ ಅಲ್ಲಿ ಕೂತು ಅದೇ ಮಾತನ್ನು, ಅದೇ ತಡೆಯ ಜೊತೆಗೆ ಹೇಳಿದಳು. ಎಡಗಣ್ಣೇ ಮೊದಲು ತುಂಬಿತು. ಆಮೇಲೆ ಚಪ್ಪಾಳೆಯ ಸದ್ದು.

“ಸ್ಕ್ರಿಪ್ಟೆಡ್ ಮೇಡಂ” ಎಂದ ಅವನು ಮೆಲ್ಲಗೆ. “ಅವರ ತಪ್ಪಲ್ಲ, ಅಭ್ಯಾಸ. ಹನ್ನೊಂದು ವರ್ಷದಿಂದ ಇದೇ ಕೆಲಸ. ನನಗೂ ಗೌರವ ಇದೆ.”

“ಅದು ನಿಜ ಮೇಡಂ. ನಿಜಾನೇ ಬರೆದಿದ್ದು” ಎಂದಳು ಅವಳು.

“ಬರೆದಿದ್ದು ಅಂತ ನೀವೇ ಹೇಳ್ತಿದ್ದೀರಲ್ಲಮ್ಮ.”

“ಬರೆದಿದ್ದೇ. ಆದ್ರೆ ಆಗಿದ್ದನ್ನ ಬರೆದಿದ್ದು. ನನ್ನ ಬಾಯಿಂದ ಕೇಳಿ ಬರೆದಿದ್ದು.” ಹೇಳುತ್ತಾ ಹೇಳುತ್ತಾ ಅವಳಿಗೇ ದಾರಿ ತಪ್ಪಿತು. ಇನ್ನೂ ಜೋರಾಗಿ ಅಳು ಬಂತು. ಅತ್ತಷ್ಟೂ ಮೇಡಂ ಮುಖ ಗಟ್ಟಿಯಾಗುತ್ತಾ ಹೋಯಿತು. “ಅಳೋದು ನಿಲ್ಲಿಸಿ” ಎಂದಳು ಮೇಡಂ. ಅವಳಿಗೆ ಆಗಲಿಲ್ಲ. ಬೇಕಾದಾಗ ಶುರು ಮಾಡುವುದನ್ನು ಕಲಿತಿದ್ದಳು, ಬೇಕಾದಾಗ ನಿಲ್ಲಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಡಂ ಕಾಗದವನ್ನು ಬದಿಗೆ ಸರಿಸಿದ್ದನ್ನು ಮಗಳು ನೋಡಿದಳು. ತಾಯಿ ಬಂದದ್ದರಿಂದಲೇ ಕೆಲಸ ಕೆಟ್ಟಿತ್ತು. ಅವಳು ಪ್ಲಾಸ್ಟರ್ ಇಲ್ಲದ ಬಲಗೈಯನ್ನು ಮೇಜಿನ ಮೇಲೆ ಚಾಚಿ ಇಟ್ಟಳು. ಎರಡು ಉಗುರು ಸೊಟ್ಟಗೆ, ದಪ್ಪಗೆ, ಗೀರುಗೀರಾಗಿ ಬೆಳೆದಿದ್ದವು. ಮೂರು ವರ್ಷ ಆ ಕೈಯಿಂದ ಚಹಾ ಇಸಿದುಕೊಂಡಿದ್ದ ತಾಯಿ ಅವುಗಳನ್ನು ಈಗಲೇ ಸರಿಯಾಗಿ ನೋಡಿದ್ದು.

“ಆ ಕಾರ್ಯಕ್ರಮ ಬಂದ ತಾರೀಖು ಅದರಲ್ಲೇ ಇದೆ, ನೋಡಿ ಮೇಡಂ” ಎಂದಳು ಮಗಳು. ಕೂಗಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ. ಅಂಗಡಿಯಲ್ಲಿ ಮಾತ್ರೆ ಯಾವಾಗ ನುಂಗಬೇಕೆಂದು ಹೇಳುವ ದನಿ. “ಅದಕ್ಕೆ ಮೂರು ವಾರ ಮೊದಲು ಈ ಬೆರಳಿಗೆ ನಮ್ಮ ಅಂಗಡಿ ಯಜಮಾನೀನೇ ಪಟ್ಟಿ ಹಾಕಿದ್ರು.”

“ಹೌದು” ಎಂದಳು ಯಜಮಾನಿ. “ಅಂಗಡಿ ಪುಸ್ತಕದಲ್ಲಿ ದಿನಾಂಕ ಇದೆ, ಯಾವ ಗಾಯ ಅಂತಾನೂ ಬರೆದಿದ್ದೀನಿ. ಹೇಗಾಯ್ತು ಅಂತ ಆಗ ಹೇಳಲಿಲ್ಲ ಇವಳು. ಟೀವಿಲಿ ನೋಡಿದ ದಿನ ನನಗೆ ಗೊತ್ತಾಯ್ತು.”

ಅಳಿಯ ಮೊಬೈಲನ್ನು ಮೆಲ್ಲಗೆ ಎತ್ತಿಕೊಳ್ಳಲು ಹೋದ. “ಅದು ಇಲ್ಲೇ ಇರಲಿ” ಎಂದಳು ಮೇಡಂ. ಕಾಗದವನ್ನು ಮತ್ತೆ ಎದುರಿಗೆಳೆದುಕೊಂಡು ಬಹಳ ಹೊತ್ತು ಬರೆದಳು. ಬರೆಯುತ್ತಿದ್ದಂತೆಯೇ ತಲೆ ಎತ್ತಿ ತಾಯಿಯನ್ನು ಕೇಳಿದಳು:

“ಹಾಗಾದ್ರೆ ಮೂರು ವರ್ಷದ ಹಿಂದೆಯೇ ನಿಮಗೆ ಗೊತ್ತಿತ್ತು. ಟೀವಿಗೆ ಹೋಗಿ ಹೇಳಿದ್ರಿ. ಇಲ್ಲಿಗೆ ಯಾಕಮ್ಮ ಬರಲಿಲ್ಲ?”

ಕಣ್ಣೀರಕ್ಕನ ಅಳು ಅಲ್ಲಿಗೆ ನಿಂತಿತು.

“ನಾನು ಹೇಳ್ತೀನಿ ಮೇಡಂ” ಎಂದಳು ಮಗಳು, ತಾಯಿಯ ಕಡೆ ತಿರುಗದೆ. “ಟೀವಿಲಿ ಅಮ್ಮ ಹೇಳಿದ್ದು ಸ್ಕ್ರಿಪ್ಟೆಡ್ ಅಲ್ಲ, ಅಷ್ಟೂ ನಿಜ. ಅವತ್ತು ನನ್ನ ಕೈ ನೋಡಿ ನನಗೆ ಒಂದು ಮಾತು ಹೇಳಿದ್ಲು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ. ಅದು ಸ್ಕ್ರಿಪ್ಟೆಡ್ಡು. ಅಪ್ಪ ಹೊಡೆದಾಗ ಅವಳಮ್ಮ ಅವಳಿಗೆ ಹೇಳಿದ್ದು, ಅವಳಮ್ಮನಿಗೆ ಇನ್ಯಾರೋ ಹೇಳಿದ್ದು. ಒಂದಕ್ಷರ ಬದಲಾಯಿಸಲಿಲ್ಲ.”

ಮೇಡಂ ಏನನ್ನೋ ನೆನೆಸಿಕೊಂಡವಳಂತೆ ಕ್ಷಣ ಹೊತ್ತು ಪೆನ್ನು ಹಿಡಿದು ಕೂತು, ಆಮೇಲೆ ಸಹಿ ಹಾಕಿ ಮುದ್ರೆ ಒತ್ತಿದಳು. ಹಿಂಸೆ ನಡೆದಿದೆ ಎಂದೇ ಬರೆದಿದ್ದಳು. ಗಂಡ ಹತ್ತಿರ ಸುಳಿಯಕೂಡದು, ಮೊಕದ್ದಮೆ ನಡೆಯುತ್ತದೆ. ಹುಡುಗಿ ಎಲ್ಲಿರುತ್ತಾಳೆ ಎಂಬ ಖಾಲಿ ಜಾಗ ತುಂಬಬೇಕಿತ್ತು.

“ತಾಯಿ ಮನೆ ಅಂತ ಬರೀಲಾ?”

“ಬೇಡ ಮೇಡಂ. ಕೆಲಸ ಮಾಡೋ ಹೆಂಗಸರ ಹಾಸ್ಟೆಲ್ ಇದೆಯಲ್ಲ, ಅದನ್ನ ಬರೀರಿ. ನಮ್ಮ ಯಜಮಾನಿ ಮಾತಾಡಿದ್ದಾರೆ.”

ತಾಯಿ ಕೇಳಿಸಿಕೊಂಡಳು. ಗೆದ್ದದ್ದು ಮಗಳು, ಸೋತದ್ದು ಅಳಿಯ, ಹಾಗಿದ್ದರೂ ತನ್ನ ಕಾಲ ಕೆಳಗೆ ನೆಲ ಯಾಕೆ ಇಲ್ಲ ಎಂದು ಅವಳಿಗೆ ಹೊಳೆಯಲೇ ಇಲ್ಲ. ಅಥವಾ ಚೆನ್ನಾಗಿಯೇ ಹೊಳೆಯಿತು.

ಕೆಳಗೆ ಬಂದಾಗ ಯಜಮಾನಿ ಅಂಗಡಿ ತೆಗೆಯಬೇಕೆಂದು ಮುಂದೆ ಹೋದಳು. ಬಸ್ ನಿಲ್ದಾಣದ ತಗಡಿನ ನೆರಳಿನಲ್ಲಿ ತಾಯಿ ಮಗಳು ಇಬ್ಬರೇ ನಿಂತರು. ಮಗಳ ಹೆಗಲಲ್ಲಿ ಒಂದು ಚೀಲ, ಕೊರಳಿನಿಂದ ತೂಗಿದ ಪ್ಲಾಸ್ಟರ್ ಕೈ. ತಾಯಿ ಚೀಲಕ್ಕೆ ಕೈ ಹಾಕಿದಳು, ಮಗಳು ಕೊಡಲಿಲ್ಲ. ಆದರೆ ದೂರ ಸರಿಯಲೂ ಇಲ್ಲ. ತಾಯಿಯ ಮುಖವನ್ನೇ ನೋಡುತ್ತಾ ನಿಂತಳು. ಏನನ್ನೋ ಕಾಯುತ್ತಿದ್ದಾಳೆಂದು ಕುರುಡರಿಗೂ ತಿಳಿಯುವಂತಿತ್ತು.

ಹೇಳಬೇಕಾದದ್ದು ಒಂದೇ ಮಾತು. ‘ತಪ್ಪಾಯ್ತು ಮಗಳೇ’ ಎನ್ನಲು ಬಾಯಿ ತೆರೆದಳು. ಅದನ್ನು ಮನೆ ಬಿಟ್ಟು ಹೋದ ಮಗಳ ಕಂತಿನಲ್ಲಿ ಹೇಳಿಯಾಗಿತ್ತು, ಎರಡು ಸಲ, ಮೊದಲನೆಯದರಲ್ಲಿ ಮೈಕು ಕೆಟ್ಟಿತ್ತು. ‘ನಿನ್ನ ಹೆತ್ತ ಹೊಟ್ಟೆ ಉರೀತಿದೆ’ ಎನ್ನಬಹುದಿತ್ತು, ಅದು ಆಸ್ತಿಯ ಕಂತಿನದು. ‘ನನ್ನನ್ನ ಕ್ಷಮಿಸು’ ಎಂಬುದನ್ನು ಎಷ್ಟು ಸಲ, ಯಾರ್ಯಾರಿಗೆ ಹೇಳಿದ್ದಳೋ ಲೆಕ್ಕವಿಲ್ಲ. ಕೈ ಹಿಡಿದುಕೊಳ್ಳೋಣವೆಂದರೆ ಅದೂ ಕೊನೆಯಲ್ಲಿ ಸಂಗೀತ ಬರುವಾಗ ಮಾಡುವ ಕೆಲಸ. ಹುಡುಕಿದಳು. ಹನ್ನೊಂದು ವರ್ಷ ಬಳಸದೆ ಉಳಿದ ಒಂದೇ ಒಂದು ಮಾತಿಗಾಗಿ ಒಳಗೆಲ್ಲ ತಡಕಾಡಿದಳು. ಎಡಗಣ್ಣಿನಲ್ಲಿ ನೀರು ಬರುವುದು ಗೊತ್ತಾಗಿ, ಮಗಳು ಅದನ್ನು ನೋಡಬಾರದೆಂದು ಮುಖ ಬೇರೆ ಕಡೆ ತಿರುಗಿಸಿದಳು.

ಮಗಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಬಸ್ಸು ಬಂತು. ಒಂದು ಕೈಯಲ್ಲಿ ಸರಳು ಹಿಡಿದು ಹತ್ತಿದಳು.